ನಾಲಿಗೆಯಡಿಯ ಮಾತ್ರೆ

ಮುನೀಂದ್ರನಿಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತಿತ್ತು. ಅದನ್ನು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಮದುವೆ ಊಟದಲ್ಲಿ ಪಾಯಸ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನಮ್ದು ಶುಗರ್ ಫ್ಯಾಕ್ಟ್ರಿ ಕಣಪ್ಪ, ಒಳಗೇ ತಯಾರಾಗ್ತದೆ" ಎಂದು ಪಂಕ್ತಿಯನ್ನೆಲ್ಲ ನಗಿಸುತ್ತಿದ್ದ. ಆದರೆ ಆ ಕಾಯಿಲೆ ತನ್ನಿಂದ ಇನ್ನೇನನ್ನು ಕಿತ್ತುಕೊಂಡಿದೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿ ಶ್ಯಾಮಲಳಿಗೂ ನಾಲ್ಕು ವರ್ಷ ಹೇಳಲಿಲ್ಲ.

ಬೂದಿಕೋಟೆಯಿಂದ ಎರಡು ಮೈಲಿ ಒಳಗೆ ಅವರ ಊರು. ಮುನೀಂದ್ರ ಬಂಗಾರಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಸುತ್ತಲಿನ ಹಳ್ಳಿಗಳ ಅರ್ಧಕ್ಕರ್ಧ ಗೇಟುಗಳು, ಕಿಟಕಿಯ ಗ್ರಿಲ್ಲುಗಳು ಅವನ ಕೈಯವು. ಶ್ಯಾಮಲ ಮನೆಯಲ್ಲಿ ಮೂರು ಸೀಮೆಹಸು ನೋಡಿಕೊಂಡು ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಿದ್ದಳು. ಅತ್ತೆ ಅಕ್ಕಯ್ಯಮ್ಮ ತೀರಿಹೋಗಿ ಆರು ವರ್ಷವಾಗಿತ್ತು. ಇನ್ನು ಮನೆಯಲ್ಲಿ ಇದ್ದವರು ಮಾವ ಬಚ್ಚಪ್ಪ ಮತ್ತು ಹತ್ತನೆಯ ತರಗತಿ ಓದುತ್ತಿದ್ದ ಮಗಳು ಲಿಖಿತ.

ಮುನೀಂದ್ರ ಮೊದಲು ಹೆಂಡತಿಯ ಕಡೆ ತಿರುಗುವುದನ್ನು ಬಿಟ್ಟ. ಆಮೇಲೆ ಕೋಣೆಯನ್ನೇ ಬಿಟ್ಟ. "ಅಸ ಕರ ಆಕೋ ಟೈಮು, ನೋಡ್ಕಬೇಕು" ಎಂದು ಕೊಟ್ಟಿಗೆಯ ಪಕ್ಕ ಮಂಚ ಹಾಕಿಕೊಂಡವನು, ಹಸು ಕರು ಹಾಕಿ, ಆ ಕರು ತಾನೇ ಹುಲ್ಲು ತಿನ್ನುವಂತಾದರೂ ಒಳಗೆ ಬರಲಿಲ್ಲ. ಶ್ಯಾಮಲ ಮೊದಮೊದಲು ತನ್ನನ್ನೇ ಅನುಮಾನಿಸಿದಳು. ಮೈಯಲ್ಲಿ ಸಗಣಿ ವಾಸನೆ ಬರುತ್ತದೇನೋ ಎಂದು ಎರಡೆರಡು ಸಲ ಸ್ನಾನ ಮಾಡಿದಳು. ಆಮೇಲೆ ಅವನನ್ನು ಅನುಮಾನಿಸಿದಳು. ಬಂಗಾರಪೇಟೆಯಲ್ಲಿ ಇನ್ಯಾರೋ ಇದ್ದಾರೆಂದುಕೊಂಡು ಫೋನು ತೆಗೆದು ನೋಡಿದಳು. ಅದರಲ್ಲಿ ಗೇಟಿನ ಫೋಟೋಗಳ ಹೊರತು ಏನೂ ಇರಲಿಲ್ಲ. ಒಂದು ಸಲ ಧೈರ್ಯ ಮಾಡಿ ಬಾಯಿಬಿಟ್ಟು ಕೇಳಿದಳು. ಅವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋದ. ಅಲ್ಲಿಂದಾಚೆಗೆ ಆಕೆ ಕೇಳಲಿಲ್ಲ.

ಹೋದ ವರ್ಷ ಯುಗಾದಿ ಕಳೆದು ವಾರವಾಗಿರಬೇಕು. "ನಾಳೆ ನನ್ ಜತೆ ಬಂಗಾರಪೇಟೆಗೆ ಬಾ, ಶುಗರ್ ಡಾಕ್ಟ್ರು ನಿನ್ನೂ ಕರ್ಕಂಡ್ ಬಾ ಅಂದವ್ರೆ" ಎಂದ. ಬೈಕಿನಲ್ಲಿ ಕರೆದುಕೊಂಡು ಹೋದವನು ಆಸ್ಪತ್ರೆಗೆ ಹೋಗದೆ ಸೀದಾ ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನೆಲ್ಲ ತುಂಬಿಕೊಂಡು ರೈಲು ಹೊರಟು, ಪ್ಲಾಟ್‌ಫಾರಂ ಖಾಲಿಯಾದ ಮೇಲೆ, ಕಲ್ಲುಬೆಂಚಿನ ಮೇಲೆ ಕೂತು ಕಂಬಿಗಳನ್ನು ನೋಡುತ್ತ ಹೇಳಿದ.

"ನನ್ ಕೈಲಿ ಆಗಲ್ಲ ಶ್ಯಾಮಿ."

"ಏನು ಆಗಲ್ಲ?"

"ಅದೇ."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮಾತ್ರೆನೂ ತಗಂಡೆ. ನಮ್ಮೋರು ಯಾರೂ ಇಲ್ದಿರೋ ಕಡೆ ಓಗಿ ಮೆಡಿಕಲ್ ಸ್ಟೋರಲ್ಲಿ ಕೇಳಿ ಮೂರ್ ಸಲ ತಗಂಡೆ. ತಲೆ ಸಿಡೀತು, ಮೂಗು ಕಟ್ತು, ಅಷ್ಟೇಯ. ಮನ್ಸೇ ಬರಲ್ಲ ಕಣೆ. ಒಳಗಡೆ ಸತ್ತೋದಂಗೈತೆ."

"ನಾನೇ ನಿಮ್ಗೆ ಬ್ಯಾಡಾದ್ನೇನೋ ಅಂದ್ಕಂಡಿದ್ದೆ" ಎಂದಳು ಶ್ಯಾಮಲ. ಹೇಳುತ್ತಿದ್ದಂತೆ ನಾಲ್ಕು ವರ್ಷದ ಅಳು ಒಟ್ಟಿಗೆ ಬಂತು. ಮುನೀಂದ್ರ ಆಕೆಯ ಕೈ ಹಿಡಿದುಕೊಂಡ. ಜನ ಓಡಾಡುವ ಜಾಗದಲ್ಲಿ ಅವನು ಹೆಂಡತಿಯ ಕೈ ಹಿಡಿದದ್ದು ಅದೇ ಮೊದಲು.

ಅಲ್ಲಿಂದ ಇಬ್ಬರೂ ಆಸ್ಪತ್ರೆಗೆ ಹೋದರು. ಶುಗರ್ ಡಾಕ್ಟರ್ ಕಾಂತರಾಜ್ ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಎರಡು ದಿನ ರಕ್ತ ತೆಗೆಸಿ ನೋಡಿದ್ದರು. ಕಾಗದ ಮುಂದಿಟ್ಟುಕೊಂಡು ಇಬ್ಬರಿಗೂ ಬಿಡಿಸಿ ಹೇಳಿದರು.

"ನೋಡಿ, ಆ ಮಾತ್ರೆ ರಕ್ತ ಹರಿಯೋ ದಾರಿಯನ್ನ ಅಗಲ ಮಾಡುತ್ತೆ, ಅಷ್ಟೇ ಅದರ ಕೆಲಸ. ಆದರೆ ಆಸೆ ಹುಟ್ಟಿಸೋಕೆ ಗಂಡಸಿನ ಮೈಯಲ್ಲಿ ಒಂದು ಹಾರ್ಮೋನು ಬೇಕು. ಇವರಿಗೆ ಅದು ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ. ಶುಗರ್ ಇರೋರಲ್ಲಿ ಇದು ಬಹಳ ಜನಕ್ಕೆ ಆಗುತ್ತೆ. ಮೂರು ವಾರಕ್ಕೊಂದು ಇಂಜೆಕ್ಷನ್ ಕೊಟ್ಟು ಅದನ್ನ ಸರಿಮಾಡೋಣ. ಅದರ ಜೊತೆಗೆ ಮಾತ್ರೆ ಕೊಟ್ಟರೆ ಕೆಲಸ ಮಾಡಬಹುದು."

ಆಮೇಲೆ ಎಚ್ಚರಿಕೆಗಳು ಬಂದವು. ಶ್ಯಾಮಲ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇಂಜೆಕ್ಷನ್ನಿನಿಂದ ರಕ್ತ ಗಟ್ಟಿಯಾಗಬಹುದು, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಇ.ಸಿ.ಜಿ. ಸರಿಯಾಗಿಯೇ ಇದೆ, ಆದರೂ ಕೋಲಾರಕ್ಕೆ ಹೋಗಿ ಟ್ರೆಡ್‌ಮಿಲ್ ಮೇಲೆ ನಡೆಸುವ ಪರೀಕ್ಷೆ ತಿಂಗಳೊಳಗೆ ಆಗಬೇಕು. "ಕೆಳಗಿನ ನಾಳದಲ್ಲಿ ರಕ್ತ ಸರಿಯಾಗಿ ಹರೀತಿಲ್ಲ ಅಂದ್ರೆ ಎದೆಯಲ್ಲೂ ಅದೇ ಕಥೆ ಇರಬಹುದು" ಎಂದರು ಡಾಕ್ಟರು. ಕೊನೆಯ ಮಾತನ್ನು ಹೇಳುವಾಗ ಪೆನ್ನು ಕೆಳಗಿಟ್ಟರು.

"ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡೋ ಮಾತ್ರೆ ಇರುತ್ತಲ್ಲ, ಅದೂ ಇದೂ ಮೈಯಲ್ಲಿ ಸೇರಲೇಬಾರದು. ಬಿ.ಪಿ. ಪಾತಾಳಕ್ಕೆ ಇಳಿಯುತ್ತೆ. ನಾನು ಕೊಡೋ ಮಾತ್ರೆ ನುಂಗಿದ ಮೇಲೆ ಎರಡು ದಿನ ಅದು ಬಾಯಿಗೆ ಹೋಗಕೂಡದು. ಎಲ್ಲೇ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಈ ವಿಷಯ ಹೇಳಿ. ನಾಚಿಕೆ ಪಡಬೇಡಿ."

"ನಮ್ಮಪ್ಪ ಇಟ್ಕಂಡವ್ರೆ ಸಾರ್ ಆ ಮಾತ್ರೆ" ಎಂದ ಮುನೀಂದ್ರ.

"ಅವರದು ಅವರ ಹತ್ತಿರವೇ ಇರಲಿ" ಎಂದರು ಡಾಕ್ಟರು.

ಬಂಗಾರಪೇಟೆಯಲ್ಲಾಗಲಿ ಬೂದಿಕೋಟೆಯಲ್ಲಾಗಲಿ ಇಂಜೆಕ್ಷನ್ ಹಾಕಿಸಿಕೊಳ್ಳಲು ಮುನೀಂದ್ರ ಒಪ್ಪಲಿಲ್ಲ. ಅಲ್ಲಿ ಅವನನ್ನು ಅರಿಯದವರಿಲ್ಲ. ಆಂಡರ್ಸನ್‌ಪೇಟೆಯಲ್ಲಿ ಕುಪ್ಪುಸ್ವಾಮಿ ಎಂಬ ಮುದುಕರಿದ್ದರು. ಅಲ್ಲಿನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಣಿಯ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಡಾಕ್ಟರ ಚೀಟಿ ಇದ್ದರೆ ಮನೆಯಲ್ಲೇ ಸೂಜಿ ಹಾಕಿಕೊಡುತ್ತಿದ್ದರು. ಮೂರು ವಾರಕ್ಕೊಮ್ಮೆ ಗಂಡ ಹೆಂಡತಿ ಬೈಕಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಎಣ್ಣೆಯಂಥ ಔಷಧಿ ನಿಧಾನಕ್ಕೆ ಇಳಿಯುವಾಗ ಕುಪ್ಪುಸ್ವಾಮಿ, "ವಲಿಕ್ಕುದಾ ತಂಬಿ, ನೋಯ್ತದಾ? ಒಂಚೂರು ತಡ್ಕೋ, ಆಯ್ತು ಆಯ್ತು" ಎಂದು ಸಮಾಧಾನ ಮಾಡುತ್ತಿದ್ದರು. ಚೀಟಿ ಓದಿ ಅವರೂ ಒಮ್ಮೆ ಬೆರಳೆತ್ತಿ ಹೇಳಿದರು: "ಎದೆ ಮಾತ್ರೆ ಮಾತ್ರ ವೇಂಡಾ. ಗೊತ್ತಲ್ವಾಮ್ಮಾ?"

ಮೊದಲ ಎರಡು ಇಂಜೆಕ್ಷನ್ನಿಗೆ ಏನೂ ಆಗಲಿಲ್ಲ. ಮೂರನೆಯದರ ಮೇಲೆ ಮುನೀಂದ್ರನ ಮುಖದ ಜೋಲು ಕಡಿಮೆಯಾಯಿತು. ಅಂಗಡಿಯಿಂದ ಬಂದು ದೊಪ್ಪನೆ ಮಲಗುತ್ತಿದ್ದವನು ಮಗಳ ಜೊತೆ ಕೂತು ಲೆಕ್ಕದ ಪುಸ್ತಕ ತಿರುವಿದ. ಒಂದು ಸಂಜೆ ಕೊಟ್ಟಿಗೆಯ ಪಕ್ಕದ ಮಂಚವನ್ನು ಮಡಿಸಿ ಗೋಡೆಗೆ ಒರಗಿಸಿದ. ಬಚ್ಚಪ್ಪ ಅದನ್ನು ನೋಡಿಯೂ ನೋಡದವರಂತೆ ಬೀಡಿ ಹಚ್ಚಿಕೊಂಡು ಬೀದಿಯ ಕಡೆ ತಿರುಗಿ ಕೂತರು.

ಅಲ್ಲಿಂದ ಮುಂದಿನ ಐದು ತಿಂಗಳು ಶ್ಯಾಮಲಳ ಪಾಲಿಗೆ ಮದುವೆಯಾದ ಹೊಸತಿಗಿಂತ ಚೆನ್ನಾಗಿದ್ದವು. ಹೊಸತರಲ್ಲಿ ಇಬ್ಬರಿಗೂ ಏನೂ ತಿಳಿಯುತ್ತಿರಲಿಲ್ಲ. ಈಗ ಕಳೆದುಹೋದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ಆಂಡರ್ಸನ್‌ಪೇಟೆಯಲ್ಲಿ ಸೂಜಿ ಮುಗಿಸಿ, ಪರೋಟ ತಿಂದು, ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳ ಪಕ್ಕದ ರಸ್ತೆಯಲ್ಲಿ ಬರುವಾಗ ಆಕೆ ಅವನ ಬೆನ್ನಿಗೆ ಕೆನ್ನೆ ಒತ್ತಿ ಕೂರುತ್ತಿದ್ದಳು. "ಏಯ್, ಜನ ನೋಡ್ತಾರೆ" ಎನ್ನುತ್ತಿದ್ದ ಅವನು, ಗಾಡಿಯನ್ನು ಮಾತ್ರ ಜೋರು ಮಾಡುತ್ತಿರಲಿಲ್ಲ.

ಕೋಲಾರದ ಪರೀಕ್ಷೆ ಮಾತ್ರ ಆಗಲೇ ಇಲ್ಲ. ಒಂದು ಸಲ ಕಲ್ಯಾಣಮಂಟಪದ ಗೇಟು ಅರ್ಜೆಂಟಾಗಿತ್ತು, ಇನ್ನೊಂದು ಸಲ ಹಸುವಿಗೆ ಕೆಚ್ಚಲಬಾವು. ಆಮೇಲೆ ಮುನೀಂದ್ರ ಎದೆ ತಟ್ಟಿಕೊಂಡು ನಗುತ್ತಿದ್ದ: "ನಂಗೇನಾಗೈತೆ? ನೀನೇ ಏಳು." ಡಾಕ್ಟರು ಎರಡು ಸಲ ನೆನಪಿಸಿದರು, ಒಂದು ಸಲ ಗದರಿದರು. ಶ್ಯಾಮಲಳೂ ಹೆಚ್ಚು ಒತ್ತಾಯ ಮಾಡಲಿಲ್ಲ. ಪರೀಕ್ಷೆಯಲ್ಲಿ ಏನಾದರೂ ಕಂಡರೆ ಮಾತ್ರೆ ನಿಲ್ಲಿಸಿಬಿಡುತ್ತಾರೆಂಬ ಅಳುಕು ಆಕೆಯ ಒಳಗೂ ಇತ್ತು. ಅದನ್ನು ಆಕೆ ಗಂಡನಿಗೂ ಹೇಳಿರಲಿಲ್ಲ.

ಬಚ್ಚಪ್ಪನವರು ಮೂರು ವರ್ಷದ ಹಿಂದೆ ಎದೆನೋವು ಬಂದು ಆಸ್ಪತ್ರೆ ಸೇರಿ ಬಂದಿದ್ದರು. ಅಂದಿನಿಂದ ಅಂಗಿಯ ಜೇಬಿನಲ್ಲಿ ಆ ಸಣ್ಣ ಮಾತ್ರೆಗಳ ಡಬ್ಬಿ ಇಲ್ಲದೆ ಹಟ್ಟಿ ದಾಟುತ್ತಿರಲಿಲ್ಲ. ಒಮ್ಮೆ ಬೂದಿಕೋಟೆ ಬಸ್ಸಿನಲ್ಲಿ ಯಾರಿಗೋ ಎದೆನೋವು ಬಂದು ಒದ್ದಾಡುವಾಗ ಅವರು ಒಂದು ಮಾತ್ರೆ ಕೊಟ್ಟು, ಆ ಮನುಷ್ಯ ಚೇತರಿಸಿಕೊಂಡು, ಮಾರನೆಯ ವಾರ ಹುಡುಕಿಕೊಂಡು ಬಂದು ಕೈಮುಗಿದು ಹೋಗಿದ್ದ. ಅಂದಿನಿಂದ ಅವರಿಗೆ ಅದು ಬರೀ ಮಾತ್ರೆಯಾಗಿ ಉಳಿದಿರಲಿಲ್ಲ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ. ಶ್ಯಾಮಲ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬಂದಾಗ ಮನೆ ಮುಂದೆ ಪಕ್ಕದ ಮನೆಯ ಗೋಪಿಯೂ ಅವನ ಹೆಂಡತಿಯೂ ನಿಂತಿದ್ದರು. ಜಗಲಿಯ ಕಂಬಕ್ಕೆ ಒರಗಿ ಮುನೀಂದ್ರ ಕೂತಿದ್ದ. ಆ ಚಳಿಯಲ್ಲೂ ಬನಿಯನ್ ಬೆವರಿನಿಂದ ಒದ್ದೆಯಾಗಿ ಮೈಗೆ ಅಂಟಿತ್ತು. ಮುಷ್ಟಿಯಿಂದ ಎದೆಯ ನಡುವೆ ಒತ್ತಿಕೊಂಡಿದ್ದ. ಬಚ್ಚಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಡಬ್ಬಿಯ ಮುಚ್ಚಳ ಬಿಚ್ಚುತ್ತಿದ್ದರು.

"ಬಾಯ್ ತಗಿ ಮಗ. ನಾಲ್ಗೆ ಎತ್ತು."

"ಬ್ಯಾಡ ಮಾವ!" ಶ್ಯಾಮಲ ಕೂಗಿದಳು.

"ಯಾಕ್ ಬ್ಯಾಡ?"

ಉತ್ತರ ಆಕೆಯ ಬಾಯಲ್ಲೇ ಇತ್ತು. ನಿನ್ನೆ ಸಂಜೆ ಇವರು ಆ ಮಾತ್ರೆ ನುಂಗಿದ್ದಾರೆ. ಇಷ್ಟೇ ಹೇಳಬೇಕಿತ್ತು. ಮಾವನ ಮುಖ, ಗೋಪಿಯ ಮುಖ, ಗೋಪಿಯ ಹೆಂಡತಿಯ ಮುಖ ಎಲ್ಲ ಆಕೆಯ ಕಡೆ ತಿರುಗಿದವು. ಆಕೆ ಗಂಡನನ್ನು ನೋಡಿದಳು. ಅವನಿಗೂ ಗೊತ್ತಿತ್ತು. ಅವನ ಕಣ್ಣು ಅಪ್ಪನ ಮೇಲಿಂದ ಗೋಪಿಯ ಮೇಲೆ ಹೋಗಿ ಮತ್ತೆ ಹೆಂಡತಿಯ ಮೇಲೆ ಬಂದು ನಿಂತಿತು. ಹೇಳಬೇಡ ಎಂಬಂತೆ ತಲೆಯನ್ನು ಒಂದಿಷ್ಟೇ ಆಡಿಸಿದ. ಆಮೇಲೆ ಬಾಯಿ ತೆರೆದ.

ಬಚ್ಚಪ್ಪ ಮಾತ್ರೆ ಇಟ್ಟರು.

ಎರಡು ಉಸಿರಿನಷ್ಟು ಹೊತ್ತು ಕಳೆದಿರಬೇಕು. ಶ್ಯಾಮಲ ಕ್ಯಾನು ಬಿಸುಟು ಓಡಿಬಂದು, "ಉಗೀರಿ, ಉಗೀರಿ ಅದನ್ನ!" ಎಂದು ಗಂಡನ ಬಾಯಿಗೆ ಬೆರಳು ಹಾಕಿದಳು. ಮಾವ ಆಕೆಯ ರಟ್ಟೆ ಹಿಡಿದು ಎಳೆದರು. "ಏನಮ್ಮಾ ಮಾಡ್ತಿದ್ದೀಯ? ಕೊಲ್ತೀಯಾ ಅವನ್ನ?" ಬೆರಳಿಗೆ ಹಿಟ್ಟಿನಂಥದ್ದು ಒಂದಿಷ್ಟು ಅಂಟಿತು, ಅಷ್ಟೇ.

ಸ್ವಲ್ಪ ಹೊತ್ತಿಗೆಲ್ಲ ಮುನೀಂದ್ರನ ಮುಖದ ಬಣ್ಣ ಹೋಯಿತು. "ಕಣ್ಣು ಕತ್ಲಾಯ್ತದೆ" ಎಂದವನು ಕಂಬದಿಂದ ಪಕ್ಕಕ್ಕೆ ಜಾರಿದ. ಗೋಪಿ ತನ್ನ ಓಮ್ನಿ ತಂದ. ಬಂಗಾರಪೇಟೆಯ ಆಸ್ಪತ್ರೆ ಮುಟ್ಟುವವರೆಗೆ ಶ್ಯಾಮಲ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಅಷ್ಟು ವರ್ಷ ಸಂಸಾರ ಮಾಡಿ ಒಂದು ದಿನವೂ ಗಂಡನ ಹೆಸರು ಹೇಳಿದವಳಲ್ಲ.

ಆಸ್ಪತ್ರೆಯಲ್ಲಿ ಆಕೆ ತಡಮಾಡಲಿಲ್ಲ. ಡ್ಯೂಟಿ ಡಾಕ್ಟರು ಬಾಯಿ ತೆರೆಯುವ ಮೊದಲೇ ಎಲ್ಲ ಹೇಳಿದಳು. ಯಾವ ಮಾತ್ರೆ, ಎಷ್ಟು ಹೊತ್ತಿಗೆ ನುಂಗಿದ್ದು, ಯಾವ ಇಂಜೆಕ್ಷನ್, ಮಾವ ಇಟ್ಟದ್ದು. ಅವರು ಕಾಲುಗಳನ್ನು ಎತ್ತರಕ್ಕಿಡಿಸಿ ಎರಡೂ ಕೈಗೆ ಡ್ರಿಪ್ ಹಾಕಿದರು. ಕೋಲಾರಕ್ಕೆ ಒಯ್ಯಲು ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು. ಅದಕ್ಕೆ ಹತ್ತಿಸುವ ಮುಂಚೆಯೇ ಮುನೀಂದ್ರ ಹೋಗಿಬಿಟ್ಟಿದ್ದ. ನಲವತ್ತೈದು ವರ್ಷ.

ಬಚ್ಚಪ್ಪ ಹೊರಗಿನ ಬೆಂಚಿನ ಮೇಲಿದ್ದರು, ಒಳಗೆ ಆಡಿದ ಮಾತು ಅವರಿಗೆ ಕೇಳಲಿಲ್ಲ. ಆದರೆ ಗೋಪಿ ಪರದೆಯ ಪಕ್ಕದಲ್ಲೇ ನಿಂತಿದ್ದ. ಅವನು ಅದನ್ನು ಹೆಂಡತಿಗೆ ಮಾತ್ರ ಹೇಳಿದ. ಮೂರನೆಯ ದಿನಕ್ಕೆ ಡೈರಿಯ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಗೊತ್ತಾಗಿತ್ತು. ಎರಡು ಮಾತ್ರೆ ಸೇರಿದ ಸೂಕ್ಷ್ಮ ಯಾರಿಗೂ ಬೇಕಿರಲಿಲ್ಲ. ಮುನೀಂದ್ರ ಗಂಡಸ್ತನದ ಮಾತ್ರೆ ತಿಂದು ಸತ್ತ, ಅಷ್ಟೇ ಊರಲ್ಲಿ ಓಡಾಡಿದ್ದು.

ಸಾವಿನ ಮನೆಗೆ ಬಂದವರಿಗೆಲ್ಲ ಬಚ್ಚಪ್ಪ ಒಂದೇ ಮಾತು ಹೇಳುತ್ತಿದ್ದರು. "ಒಂದ್ ಮಾತ್ರೆ ಕೊಟ್ಟೆ. ಎಲ್ಡ್ ಕೊಟ್ಟಿದ್ರೆ ಉಳ್ಕಂತಿದ್ದ ಕಣಪ್ಪ. ಗಾಬ್ರೀಲಿ ಒಂದೇ ಕೊಟ್ಬುಟ್ಟೆ." ಶ್ಯಾಮಲ ಒಳಗೆ ಕೂತು ಅದನ್ನು ಕೇಳುತ್ತಿದ್ದಳು.

ಹನ್ನೊಂದನೆಯ ದಿನ ತಿಥಿ. ಮುನೀಂದ್ರನ ತಂಗಿ ರಾಧ ಎಲ್ಲ ಮುಗಿಯುವವರೆಗೆ ಬಾಯಿ ಬಿಗಿಹಿಡಿದಿದ್ದವಳು, ಎಲೆ ಎತ್ತಿದ ಮೇಲೆ ಅಂಗಳದಲ್ಲಿ ಅತ್ತಿಗೆಯ ಎದುರು ನಿಂತಳು.

"ನಮ್ಮಣ್ಣ ಸಕ್ಕರೆ ಕಾಯ್ಲೆ ಮನ್ಸ. ವಯಸ್ಸಿಗ್ ಬಂದ ಮಗಳವ್ಳೆ ಮನೇಲಿ. ಈ ವಯಸ್ನಾಗೆ ಸೂಜಿ ಆಕ್ಸಿ, ಮಾತ್ರೆ ನುಂಗ್ಸಿ, ಅವನ್ನ ತಿಂದ್ಕಂಡೆ ನೀನು!"

ಯಾರೂ ರಾಧಳನ್ನು ತಡೆಯಲಿಲ್ಲ. ಬಚ್ಚಪ್ಪ ಮಾತ್ರ ತಲೆಯೆತ್ತಿ ಮಗಳನ್ನೂ ಸೊಸೆಯನ್ನೂ ಬದಲಿಸಿ ಬದಲಿಸಿ ನೋಡಿದರು. ಮಗ ಏನೋ ಮಾತ್ರೆ ತೆಗೆದುಕೊಳ್ಳುತ್ತಿದ್ದ ಎಂಬುದೇ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಶ್ಯಾಮಲ ನೋಟ್‌ಬುಕ್ ಹಿಡಿದು ಡಾಕ್ಟರ್ ಕಾಂತರಾಜರ ಬಳಿ ಹೋದಳು. ಅವರಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಮಾವ ಅದನ್ನ ಕೊಡದೇ ಇದ್ದಿದ್ರೆ ಉಳೀತಿದ್ರಾ ಸಾರ್?"

ಡಾಕ್ಟರು ಆಕೆಗೆ ಕುರ್ಚಿ ತೋರಿಸಿದರು. "ಆಸ್ಪತ್ರೆ ಕಾಗದ ನೋಡಿದೆ. ದೊಡ್ಡ ಹಾರ್ಟ್ ಅಟ್ಯಾಕೇ ಆಗಿತ್ತಮ್ಮ. ಕೊಡದಿದ್ದರೂ ಉಳೀತಿದ್ದರು ಅಂತ ನಾನು ಹೇಳಲಾರೆ. ಕೊಟ್ಟದ್ದರಿಂದ ಉಳಿಯೋ ದಾರಿ ಕಿರಿದಾಯ್ತು. ಇದಕ್ಕಿಂತ ಜಾಸ್ತಿ ಯಾರಿಗೂ ಗೊತ್ತಾಗಲ್ಲ." ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಆ ಪರೀಕ್ಷೆ ಆಗೋವರೆಗೂ ನಾನು ಮಾತ್ರೆ ಬರೆದುಕೊಡಬಾರದಿತ್ತು" ಎಂದರು.

ಆ ವಾರವೆಲ್ಲ ಬಚ್ಚಪ್ಪ ಸರಿಯಾಗಿ ಉಣ್ಣಲಿಲ್ಲ. ಹಿತ್ತಲ ಹಾಳುಬಾವಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಲಿಖಿತ ಹೋಗಿ ಕೈಹಿಡಿದು ಕರೆತರಬೇಕಿತ್ತು. ಒಂದು ಮಧ್ಯಾಹ್ನ ಶ್ಯಾಮಲ ಕೊಟ್ಟಿಗೆಯಲ್ಲಿ ಗಂಜಲ ಗುಡಿಸುತ್ತಿದ್ದಾಗ ಬಂದು ಬಾಗಿಲಲ್ಲಿ ಕುಳಿತರು.

"ಒಂದ್ ಮಾತ್ ಕೇಳ್ತೀನಿ. ದಿಟ ಏಳ್ಬೇಕು."

"ಕೇಳಿ ಮಾವ."

"ನಾ ಮಾತ್ರೆ ಇಟ್ಟಾಗ ನೀ ಬ್ಯಾಡ ಅಂದೆ. ಆಮೇಕೆ ಅವ್ನ ಬಾಯಿಗ್ ಕೈ ಆಕ್ದೆ. ಯಾಕೆ?"

ಶ್ಯಾಮಲಳ ಕೈಯ ಪೊರಕೆ ನಿಂತಿತು.

"ಅವ್ನು ತಗಂತಿದ್ದ ಮಾತ್ರೆಗೂ ನನ್ ಮಾತ್ರೆಗೂ ಸೇರಿ ಏನಾರ ಆಯ್ತಾ? ಆಗಿದ್ರೆ ಏಳ್ಬುಡಮ್ಮ. ನಾನೇ ನನ್ ಕೈಯಾರೆ ಮಾಡ್ದೆ ಅಂತಾದ್ರೆ, ನನ್ ದಾರಿ ನಾನ್ ನೋಡ್ಕತೀನಿ."

ಅವರು ಅದನ್ನು ಅಳದೆ, ಕೂಗದೆ ಹೇಳಿದರು. ಹೇಳುವಾಗ ಹಿತ್ತಲ ಕಡೆ ನೋಡಿದರು. ಶ್ಯಾಮಲಳಿಗೆ, ಈ ಮನುಷ್ಯ ಬಾವಿಗೆ ಹಾರುವುದರಲ್ಲಿ ಅನುಮಾನವೇ ಇರಲಿಲ್ಲ. ಆಕೆ ಪೊರಕೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ನಿಮ್ ಮಾತ್ರೆಯಿಂದ ಏನೂ ಆಗಿಲ್ಲ ಮಾವ. ಡಾಕ್ಟ್ರತ್ರ ಓಗಿ ಕೇಳ್ಕಂಡೇ ಬಂದಿದ್ದೀನಿ. ನೀವು ಕೊಟ್ಟಿದ್ದಕ್ಕೇ ಆಸ್ಪತ್ರೆಗಂಟ ಉಸುರು ನಿಂತಿದ್ದು ಅಂದ್ರು. ಆ ಸೂಜಿ, ಆ ಮಾತ್ರೆ, ಅವೇ ಎದೆ ಕಟ್ಸಿದ್ದು."

"ಮತ್ತೆ ನೀ ಕೈ ಆಕಿದ್ದು?"

"ಬೆಪ್ಪಾಗಿಬುಟ್ಟಿದ್ದೆ. ಏನ್ ಮಾಡ್ತಿದ್ದೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

ಬಚ್ಚಪ್ಪನವರ ಕಣ್ಣು ಇನ್ನೂ ಆಕೆಯ ಮೇಲೇ ಇತ್ತು. ನಂಬಿಕೆ ಅರ್ಧಕ್ಕೆ ನಿಂತಂತಿತ್ತು. ಅವರಿಗೆ ಇನ್ನೇನೋ ಬೇಕಿತ್ತು. ಶ್ಯಾಮಲ ಅದನ್ನೂ ಕೊಟ್ಟಳು.

"ಅವ್ರಿಗೆ ಅದೆಲ್ಲಾ ಬ್ಯಾಡಾಗಿತ್ತು ಮಾವ. ನಾನೇ ಅಟ ಮಾಡಿ ಡಾಕ್ಟ್ರತ್ರ ಎಳ್ಕಂಡೋಗಿದ್ದು."

ಮುದುಕರು ನಿಧಾನವಾಗಿ ಬಾಗಿಲ ಚೌಕಟ್ಟು ಹಿಡಿದು ಎದ್ದರು. ಎದ್ದಮೇಲೆ ಆಕೆಯ ಮುಖ ನೋಡಲಿಲ್ಲ.

"ಅಷ್ಟ್ ಬೇಕಾಗಿತ್ತೇನಮ್ಮಾ ನಿಂಗೆ?" ಎಂದರು. ಹೊರಟುಹೋದರು.

ಅಂದು ಸಂಜೆ ಅವರು ಹೊಟ್ಟೆತುಂಬ ಉಂಡರು. ಬಾವಿಯ ಕಡೆ ಮತ್ತೆ ಹೋಗಲಿಲ್ಲ. ಆದರೆ ಶ್ಯಾಮಲ ಬಡಿಸಲು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ಮೊಮ್ಮಗಳನ್ನು ಕರೆದರು. ಅಲ್ಲಿಂದಾಚೆಗೆ ಅವರ ಊಟ, ಕಾಫಿ, ಬಿಸಿನೀರು ಎಲ್ಲ ಲಿಖಿತಳ ಕೈಯಿಂದಲೇ. ಹದಿನೆಂಟು ವರ್ಷ ಮಗಳಂತೆ ಕಂಡಿದ್ದ ಸೊಸೆಯೊಂದಿಗೆ ಮಾತು ನಿಂತುಹೋಯಿತು. ಬಂದವರ ಮುಂದೆ "ಎಲ್ಡ್ ಕೊಡ್ಬೇಕಿತ್ತು" ಎನ್ನುವುದನ್ನೂ ಬಿಟ್ಟರು. "ಎಲ್ಲಾ ಅವಳಿಂದ" ಎನ್ನತೊಡಗಿದರು.

ಶಾಲೆಯಲ್ಲಿ ಯಾರೋ ಏನೋ ಅಂದರೆಂದು ಲಿಖಿತ ಒಂದು ದಿನ ಅಳುತ್ತ ಬಂದಳು. ಅಳು ಮುಗಿದ ಮೇಲೆ ಅಮ್ಮನ ಪೆಟ್ಟಿಗೆಯಿಂದ ನೋಟ್‌ಬುಕ್ ತಂದು ಮುಂದಿಟ್ಟಳು.

"ನಾನು ಓದಿದೀನಮ್ಮ. ಡಾಕ್ಟರು ಏನು ಹೇಳಿದ್ರು ಅಂತ ಎಲ್ಲಾ ಇದೆ ಇದರಲ್ಲಿ. ತಾತಂಗೆ ಯಾಕೆ ಸುಳ್ಳು ಹೇಳ್ದೆ?"

"ಮೆಲ್ಲಗ್ ಮಾತಾಡು."

"ನಾನೇ ಹೇಳ್ತೀನಿ ತಾತಂಗೆ. ಊರೆಲ್ಲ ನಿನ್ನ ಬಯ್ತಿದೆ, ರಾಧತ್ತೆ ಬಯ್ತಾರೆ, ತಾತ ನಿನ್ನ ಕೈ ನೀರು ಕುಡಿಯಲ್ಲ. ನೀನೇನು ಮಾಡಿದ್ದೆ?"

ಶ್ಯಾಮಲ ಮಗಳ ಕೆನ್ನೆ ಒರೆಸಿದಳು. ಹೇಳಲು ಬಹಳ ಇತ್ತು. ಜಗಲಿಯ ಮುಂದೆ ಕಳೆದ ಆ ಎರಡು ಉಸಿರಿನ ಹೊತ್ತು, ಕೋಲಾರಕ್ಕೆ ಹೋಗೋಣವೆಂದು ಗಟ್ಟಿಯಾಗಿ ಹೇಳದೆ ಉಳಿದದ್ದು, ಬೈಕಿನ ಮೇಲೆ ಕೆನ್ನೆ ಒತ್ತಿ ಕೂತದ್ದು. ಇವುಗಳಲ್ಲಿ ಯಾವುದು ತಪ್ಪು, ಯಾವುದು ಅಲ್ಲ ಎಂದು ಆಕೆಗೇ ಬಿಡಿಸಲು ಬಂದಿರಲಿಲ್ಲ.

"ನಿಮ್ ತಾತ ಅವ್ರ ಮಗನ್ನ ಉಳ್ಸಕ್ ನೋಡಿದ್ದು ಕಣೆ" ಎಂದಳು. "ಅದೊಂದಾದ್ರೂ ಅವ್ರಿಗ್ ಇರ್ಲಿ."

ಹೊರಗಿನಿಂದ ಬಚ್ಚಪ್ಪ ಕೆಮ್ಮಿ, "ಲಿಖಿತಾ, ಒಸಿ ನೀರು ತತ್ತಾ" ಎಂದು ಕರೆದರು. ಹುಡುಗಿ ಕದಲಲಿಲ್ಲ. ಶ್ಯಾಮಲ ಎದ್ದು ಚೊಂಬಿಗೆ ನೀರು ತುಂಬಿ ಮಗಳ ಕೈಗೆ ಕೊಟ್ಟಳು. ಲಿಖಿತ ಹೊಸ್ತಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದಳು. ಶ್ಯಾಮಲ, ಹೋಗು ಎಂದು ಕೈಸನ್ನೆ ಮಾಡಿ, ಸಂಜೆಯ ಹಾಲು ಕರೆಯಲು ಕೊಟ್ಟಿಗೆಯ ಕಡೆ ನಡೆದಳು.